ಹಸು ಗೊಡ್ಡು ಎನ್ನುವ ಮೊದಲು

ಮಳೆ ನಂಬಿ ಬೇಸಾಯ ಮಾಡುವ ನಮ್ಮಂಥವರಿಗೆ ರಾಗಿ, ಕಡ್ಲೆಕಾಯಿ ಕೈಕೊಟ್ಟ ವರ್ಷ ಮನೆ ನಡೆಸೋದು ಡೈರಿ ಬಟವಾಡೆ. ಹಸು ಗಬ್ಬ ನಿಲ್ಲದೆ ಹೋದರೆ ಅದೂ ನಿಂತಂತೆ. ಹಾಲು ಬತ್ತುತ್ತೆ, ಹೊಟ್ಟೆ ಬತ್ತೋದಿಲ್ಲ. ನಾಲ್ಕು ಸಲ ಸೆಮೆನ್ ಹಾಕಿಸಿ ನಿಲ್ಲದಿದ್ದರೆ ‘ಗೊಡ್ಡು ಬಿತ್ತು’ ಅಂತ ದಲ್ಲಾಳಿ ಕೇಳಿದ ಬೆಲೆಗೆ ದಾಟಿಸಿದವರು ನಮ್ಮ ಸಿರಾ ಕಡೆ ಬೇಕಾದಷ್ಟಿದ್ದಾರೆ. ಎರಡು ಮೂರು ಸೀಮೆಹಸು ಕಟ್ಟಿಕೊಂಡು ಬಂದಿರುವ ನನ್ನ ಅನುಭವದಲ್ಲಿ ನಿಜವಾದ ಗೊಡ್ಡು ಕಡಿಮೆ. ಕಾರಣ ಹುಡುಕಿದರೆ ಬಹಳಷ್ಟು ಸರಿಹೋಗುತ್ತವೆ.

21 ದಿನದ ಲೆಕ್ಕ

ಗಬ್ಬವಿಲ್ಲದ ಹಸು ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತೆ. 18ರಿಂದ 24 ದಿನದವರೆಗೆ ಹಿಂದೆಮುಂದೆ ಆಗಬಹುದು. ಗಬ್ಬದ ಅವಧಿ ಸುಮಾರು 280 ದಿನ. ಈದು 60 ದಿನ ಕಳೆದ ಮೇಲೆ, 90 ದಿನದೊಳಗೆ ನಿಂತರೆ ಹೆಚ್ಚುಕಡಿಮೆ ವರ್ಷಕ್ಕೊಂದು ಕರು. ಮೂರು ಬೆದೆ ತಪ್ಪಿದರೆ 63 ದಿನ ಮುಂದಕ್ಕೆ ಹೋಯಿತು. ಆ 63 ದಿನದ ಹುಲ್ಲು, ಬೂಸಾ, ಹಿಂಡಿಯ ಖರ್ಚನ್ನು ನೀವೇ ಕೂಡಿ ನೋಡಿ.

ಬೆದೆ ಹಿಡಿಯೋದು

ಇನ್ನೊಂದು ಹಸು ಮೇಲೆ ಹತ್ತಿದಾಗ ಅಲುಗದೆ ನಿಲ್ಲೋದೇ ಬೆದೆಯ ಪಕ್ಕಾ ಗುರುತು. ಹಗ್ಗದಲ್ಲೇ ಇರುವ ಹಸುವಿನಲ್ಲಿ ಇದು ಕಾಣೋದಿಲ್ಲ. ಅದಕ್ಕೆ ಬೇರೆ ಗುರುತು ನೋಡಬೇಕು: ಕೂಗು, ಮೇವು ಬಿಡೋದು, ಹಾಲು ಇಳಿಯೋದು, ಪದೇ ಪದೇ ಗಂಜಲ, ಮೊಟ್ಟೆಯ ಬಿಳಿಯಂತೆ ತಿಳಿಯಾಗಿ ಜೋತುಬೀಳುವ ಲೋಳೆ. ಕೆಲವು ಹಸು ಕೂಗೋದೇ ಇಲ್ಲ. ಬೇಸಿಗೆಯಲ್ಲಂತೂ ಬೆದೆ ಮಂಕಾಗಿರುತ್ತೆ. ನಾನು ಬೆಳಗಿನ ಜಾವ ಒಂದು ಸಲ, ರಾತ್ರಿ ಊಟ ಆದ ಮೇಲೆ ಬ್ಯಾಟರಿ ಹಿಡಿದು ಇನ್ನೊಂದು ಸಲ ಕೊಟ್ಟಿಗೆ ನೋಡ್ತೀನಿ. ಮಲಗಿದ ಹಸುವಿನ ಹಿಂದೆ ನೆಲದ ಮೇಲೆ ಲೋಳೆ ಸಿಗುತ್ತೆ.

ಬೆಳಿಗ್ಗೆ ಬೆದೆ ಕಂಡರೆ ಅದೇ ದಿನ ಸಂಜೆ, ಸಂಜೆ ಕಂಡರೆ ಮಾರನೇ ಬೆಳಿಗ್ಗೆ ಸೆಮೆನ್ ಹಾಕಿಸಿ. ಕಾರಣ ಇಷ್ಟೆ: ಬೆದೆ ಮುಗಿದು ಸುಮಾರು 10-12 ಗಂಟೆಯ ಮೇಲೆ ಅಂಡ ಬಿಡುಗಡೆಯಾಗೋದು. ತೀರಾ ಮುಂಚೆಯೂ ಬೇಡ, ತಡವೂ ಬೇಡ. ಬಾಲಕ್ಕೆ ರಕ್ತ ಮೆತ್ತಿದ್ದರೆ ಬೆದೆ ಮುಗಿದು ಒಂದೆರಡು ದಿನ ಆಗಿದೆ ಅಂತ ತಿಳಿಯಿರಿ. ಆಗ ಹಾಕಿಸಿ ಪ್ರಯೋಜನವಿಲ್ಲ. ತಾರೀಕು ಬರೆದಿಟ್ಟು 17ನೇ ದಿನದಿಂದ ಕಾಯಿರಿ.

ಬೆದೆಗೇ ಬಾರದಿದ್ದರೆ

ಮೊದಲು ವೈದ್ಯರಿಂದ ಗಬ್ಬ ಪರೀಕ್ಷೆ ಮಾಡಿಸಿ. ಪರೀಕ್ಷೆ ಇಲ್ಲದೆ ‘ಬೆದೆ ಬರಿಸೋ ಇಂಜೆಕ್ಷನ್’ ಹಾಕಿಸಲೇಬೇಡಿ. ಒಳಗೆ ಗಬ್ಬವಿದ್ದರೆ ಕೆಲವು ಇಂಜೆಕ್ಷನ್‌ಗೆ ಕಂದು ಹಾಕುತ್ತೆ. ಗಬ್ಬವಿರುವ ಕೆಲವು ಹಸುವೂ ಬೆದೆಯಂತೆ ಆಡುವುದುಂಟು, ಅವಕ್ಕೂ ಪರೀಕ್ಷೆ ಆಗದೆ ಸೆಮೆನ್ ಬೇಡ.

ಗಬ್ಬವಿಲ್ಲ ಅಂತಾದರೆ ಗೋದಲಿ ಕಡೆ ನೋಡಿ. ಬರೀ ರಾಗಿಹುಲ್ಲು, ಜೋಳದ ಸಪ್ಪೆಯಲ್ಲಿ ಹೊಟ್ಟೆ ತುಂಬುತ್ತೆ, ಪ್ರೋಟೀನು, ರಂಜಕ ಸಾಲದು. ಒಣಹುಲ್ಲಿನಲ್ಲಿ ‘ಎ’ ಜೀವಸತ್ವವೂ ಇಲ್ಲದಂತೆಯೇ. ಪಕ್ಕದ ಮನೆಯ ಕಡಸು ಎರಡೂವರೆ ವರ್ಷವಾದರೂ ಬೆದೆಗೆ ಬಂದಿರಲಿಲ್ಲ, ಪಕ್ಕೆಲುಬು ಎಣಿಸಬಹುದಿತ್ತು. ಜಂತುವಿನ ಔಷಧಿ ಹಾಕಿ, ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ, ಒಂದು ಹಿಡಿ ಉಪ್ಪು, ಕಡ್ಲೆಕಾಯಿ ಹಿಂಡಿ, ಬದುವಿನ ಅಗಸೆ ಸೊಪ್ಪು ಕೊಟ್ಟರು. ಮೂರನೇ ತಿಂಗಳಿಗೆ ಕೂಗಿತು. ಸುಬಾಬುಲ್ ಸೊಪ್ಪೂ ಒಳ್ಳೆಯದೇ, ಆದರೆ ಮೇವಿನ ಮೂರನೇ ಒಂದು ಪಾಲು ಮೀರಬಾರದು. ಅದರಲ್ಲಿನ ವಿಷ ಕೂದಲು ಉದುರಿಸುತ್ತೆ, ಗಬ್ಬಕ್ಕೂ ಅಡ್ಡಿ.

ಇನ್ನೊಂದು ಮಾತು. ಹೋರಿಗರುವಿನ ಜೊತೆ ಅವಳಿಯಾಗಿ ಹುಟ್ಟಿದ ಹೆಣ್ಗರು ನೂರಕ್ಕೆ ತೊಂಬತ್ತರಷ್ಟು ಹುಟ್ಟುಗೊಡ್ಡು. ಅದನ್ನು ಸಾಕಿ ಕಾಯೋ ಮೊದಲು, ಕೊಳ್ಳೋ ಮೊದಲು ವಿಚಾರಿಸಿ.

ಬಂದರೂ ನಿಲ್ಲದಿದ್ದರೆ

ಮೂರು ಸಲ ಸರಿಯಾದ ಹೊತ್ತಿಗೆ ಹಾಕಿಸಿಯೂ ನಿಲ್ಲದಿದ್ದರೆ ನಾಲ್ಕನೇ ಸಲ ಸುಮ್ಮನೆ ಹಾಕಿಸಬೇಡಿ. ಬೆದೆಯ ದಿನವೇ ವೈದ್ಯರಿಗೆ ತೋರಿಸಿ. ನಮ್ಮ ಕರಿ ಹಸುವಿನ ಲೋಳೆಯಲ್ಲಿ ಅಕ್ಕಿ ತೊಳೆದ ನೀರಿನಂಥ ಮಬ್ಬು ಇತ್ತು. ಗರ್ಭಕೋಶದಲ್ಲಿ ಕೀವು ಅಂದರು ಡಾಕ್ಟರು. ಔಷಧಿ ಕೊಟ್ಟು, ಆ ಬೆದೆ ಬಿಡಿಸಿ, ಮುಂದಿನ ಬೆದೆಯ ಲೋಳೆ ಗಾಜಿನಂತೆ ತಿಳಿಯಾದ ಮೇಲೆ ಹಾಕಿದರು. ನಿಂತಿತು. ಲೋಳೆಯ ಬಣ್ಣ ನೋಡೋಕೆ ಕಾಸು ಖರ್ಚಿಲ್ಲ.

ಈ ಕೀವು ಬಹಳ ಸಲ ಶುರುವಾಗೋದು ಈಯುವಾಗಲೇ. ಕಸ 12 ಗಂಟೆಯೊಳಗೆ ಬೀಳದಿದ್ದರೆ ಡಾಕ್ಟರಿಗೆ ಹೇಳಿ. 1962 ನಂಬರಿಗೆ ಫೋನ್ ಮಾಡಿದರೂ ಆಯಿತು. ಕಸಕ್ಕೆ ಕಲ್ಲು ಕಟ್ಟೋದು, ಕೈಹಾಕಿ ಎಳೆಯೋದು ಬೇಡ. ಈಯುವ ಜಾಗ ಒಣಗಿರಲಿ. ಈಯಲು ಎರಡು ತಿಂಗಳಿದ್ದಾಗ ಹಾಲು ಬತ್ತಿಸಿ, ಹಿಂಡಿ ಮಾತ್ರ ನಿಲ್ಲಿಸಬೇಡಿ.

ಕಂದು ಹಾಕಿದರೆ

ಐದು ತಿಂಗಳ ಮೇಲೆ ಕಂದು ಹಾಕಿದರೆ ಬ್ರುಸೆಲ್ಲಾ ರೋಗವಿರಬಹುದು. ಇದು ಮನುಷ್ಯರಿಗೂ ಅಂಟುತ್ತೆ. ಬರಿಗೈಲಿ ಮುಟ್ಟದೆ, ನಾಯಿಗೆ ಸಿಗದಂತೆ ಆಳವಾಗಿ ಸುಣ್ಣ ಹಾಕಿ ಹೂಳಿ. ಹಾಲು ಕಾಯಿಸಿಯೇ ಕುಡಿಯಿರಿ. ಹಸುವಿನ ರಕ್ತ ಪರೀಕ್ಷೆ ಮಾಡಿಸಿ. ಹೆಣ್ಗರುಗಳಿಗೆ 4ರಿಂದ 8 ತಿಂಗಳ ಪ್ರಾಯದಲ್ಲಿ ಒಂದೇ ಒಂದು ಸಲ ಲಸಿಕೆ ಹಾಕಿಸಿದರೆ ಕಾಪಾಡುತ್ತೆ.

ಗೋಡೆಯ ಕ್ಯಾಲೆಂಡರ್

ಇಷ್ಟಕ್ಕೂ ಬೇಕಾದ್ದು ಒಂದು ಕ್ಯಾಲೆಂಡರು, ಒಂದು ಪೆನ್ನು. ಈದ ದಿನ, ಬೆದೆ ಕಂಡ ದಿನ, ಲೋಳೆಯ ಬಣ್ಣ, ಸೆಮೆನ್ ಹಾಕಿಸಿದ ದಿನ ಬರೆಯಿರಿ. ಅಲ್ಲಿಂದ 21ನೇ ದಿನಕ್ಕೆ ಸೊನ್ನೆ ಸುತ್ತಿ. ಆ ದಿನ ಬೆದೆ ಕಾಣದಿದ್ದರೂ ಗಬ್ಬ ಅಂತ ನಂಬಿ ಕೂರಬೇಡಿ, 60ರಿಂದ 90 ದಿನದೊಳಗೆ ಪರೀಕ್ಷೆ ಮಾಡಿಸಿ. ಡಾಕ್ಟರು ಬಂದಾಗ ಆ ಹಾಳೆ ತೋರಿಸಿದರೆ ಅವರಿಗೆ ಅರ್ಧ ಕೆಲಸ ಹಗುರ. ನಮ್ಮ ಮನೆಯಲ್ಲಿ ಇದನ್ನು ಬರೆಯೋದು ಹಾಲು ಕರೆಯುವ ಹೆಂಗಸರೇ. ಹಸುವಿನ ಬೆದೆ ಮೊದಲು ಗೊತ್ತಾಗೋದು ಅವರಿಗೆ.