ವಂಶವಾಹಿಯ ಲಿಪಿ ಮತ್ತು ಮನೆತನದ ರೋಗಗಳು

"ನೂಲಿನಂತೆ ಸೀರೆ, ಬೀಜದಂತೆ ಬೆಳೆ" ಎಂಬ ಮಾತು ನಮ್ಮ ಜನರಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಸಿರುಗುಪ್ಪದ ಗದ್ದೆಗಳಲ್ಲಿ ಮುಂದಿನ ಬಿತ್ತನೆಗೆಂದು ಒಳ್ಳೆಯ ಭತ್ತವನ್ನು ಬೇರೆಯಾಗಿ ತೆಗೆದಿಡುವ ರೈತನು ಅನುವಂಶೀಯತೆಯ ತತ್ತ್ವವನ್ನು ಗ್ರಂಥಗಳ ನೆರವಿಲ್ಲದೆಯೇ ಬಲ್ಲನು. ಆದರೆ ಮನುಷ್ಯರ ವಿಷಯದಲ್ಲಿ ಈ ತಿಳಿವಳಿಕೆ ಅನೇಕ ವೇಳೆ ನಿಂದೆಯಾಗಿ ಪರಿಣಮಿಸುತ್ತದೆ. ಅಂಗವೈಕಲ್ಯವುಳ್ಳ ಮಗು ಹುಟ್ಟಿದರೆ ಸೊಸೆಯ ಕಾಲ್ಗುಣವನ್ನೋ, ಹಿಂದಿನ ಜನ್ಮದ ಕರ್ಮವನ್ನೋ, ಯಾರದೋ ಶಾಪವನ್ನೋ ಕಾರಣವೆಂದು ಹೇಳುವವರು ಇಂದಿಗೂ ಇದ್ದಾರೆ. ಈ ವಿಷಯದಲ್ಲಿ ವಿಜ್ಞಾನವು ಏನು ಹೇಳುತ್ತದೆಂಬುದನ್ನು ವಿದ್ಯಾಸಂಸ್ಥೆಯೊಂದರ ಸ್ಮರಣ ಸಂಚಿಕೆಯಲ್ಲಿ ವಿಚಾರಿಸುವುದು ಅಪ್ರಸ್ತುತವಾಗಲಾರದು.

ನಮ್ಮ ದೇಹದ ಪ್ರತಿಯೊಂದು ಜೀವಕೋಶದ ಕೇಂದ್ರದಲ್ಲಿಯೂ ಸಾಮಾನ್ಯವಾಗಿ 23 ಜೊತೆ ವರ್ಣತಂತುಗಳಿರುತ್ತವೆ. ಪ್ರತಿ ಜೊತೆಯಲ್ಲಿ ಒಂದು ತಂದೆಯಿಂದ, ಇನ್ನೊಂದು ತಾಯಿಯಿಂದ ಬಂದುದು. ಇವುಗಳಲ್ಲಿ ನಾಲ್ಕೇ ಅಕ್ಷರಗಳ ಲಿಪಿಯಲ್ಲಿ ದೇಹರಚನೆಯ ಆದೇಶಗಳೆಲ್ಲವೂ ಬರೆಯಲ್ಪಟ್ಟಿವೆ. ಒಂದೊಂದು ಆದೇಶಕ್ಕೆ ವಂಶವಾಹಿ ಎಂದೂ, ಸಮಗ್ರ ಲಿಪಿಗೆ ಜೀನೋಮ್ ಎಂದೂ ಹೆಸರು. ಸುಮಾರು 300 ಕೋಟಿ ಅಕ್ಷರಗಳ ಈ ಲಿಪಿಯನ್ನು ಓದುವ ಅಂತರರಾಷ್ಟ್ರೀಯ ಕಾರ್ಯವು 1990ರಲ್ಲಿ ಆರಂಭಗೊಂಡು 2003ರಲ್ಲಿ ಮುಗಿದುದಾಗಿ ಘೋಷಿತವಾಯಿತು. ಆಗ ಓದಲಾಗದೆ ಬಿಟ್ಟುಹೋಗಿದ್ದ ಭಾಗಗಳು 2022ರ ವೇಳೆಗೆ ಬಹುಮಟ್ಟಿಗೆ ತುಂಬಿಬಂದವು. ಒಂದೇ ಅಕ್ಷರ ತಪ್ಪಿದರೂ ಕೆಲವೊಮ್ಮೆ ರೋಗವುಂಟಾಗಬಹುದು. ಪ್ರತಿ ತೋರಿಸಿ ಬರೆಯುವಾಗ ಬೀಳುವ ಕೈತಪ್ಪಿನಂತಹ ಈ ದೋಷವನ್ನು ಯಾರೂ ಬೇಕೆಂದು ಮಾಡಿದುದಲ್ಲ.

ನಮ್ಮ ರಾಜ್ಯದಲ್ಲಿಯೇ ಇದಕ್ಕೊಂದು ಮರೆಯಲಾಗದ ನಿದರ್ಶನವಿದೆ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ 1970ರ ದಶಕದ ಮಧ್ಯಭಾಗದಲ್ಲಿ ವಿಚಿತ್ರ ವ್ಯಾಧಿಯೊಂದು ಬೆಳಕಿಗೆ ಬಂದಿತು. ಸೊಂಟ ಮತ್ತು ಮೊಣಕಾಲುಗಳ ಕೀಲು ಸವೆದು, ದುಡಿಯುವ ಜನರು ನಡೆಯಲಾರದೆ ತೆವಳುವ ಸ್ಥಿತಿಗೆ ಬಂದರು. ಕೆಲವರಲ್ಲಿ ದೇಹವು ಕುಬ್ಜವಾಯಿತು. ಪೀಡಿತರು ಬಡ ದಲಿತ ಕುಟುಂಬಗಳವರು. ಗದ್ದೆಯ ಏಡಿಗಳನ್ನು ತಿಂದುದರಿಂದ ಕೀಟನಾಶಕದ ವಿಷ ಸೇರಿತೆಂಬ ಶಂಕೆಯೂ ಮೂಡಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿಜ್ಞಾನಿಗಳು 1977ರಲ್ಲಿ ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತವೆಂದು ವರ್ಣಿಸಿದರು. ಮುಂದೆ ಎಲುಬುಗಳ ಕ್ಷಕಿರಣ ಚಿತ್ರಗಳನ್ನೂ ವಂಶಾವಳಿಗಳನ್ನೂ ಪರಿಶೀಲಿಸಿದ ವೈದ್ಯರು, ಇದು ಪ್ರಬಲ ವಂಶವಾಹಿಯಿಂದ ಬರುವ ಎಲುಬಿನ ಬೆಳವಣಿಗೆಯ ದೋಷವೆಂದು 1994ರಲ್ಲಿ ಪ್ರಕಟಿಸಿದರು. ಪ್ರಬಲವೆಂದರೆ ತಂದೆ ತಾಯಿಯರಲ್ಲಿ ಒಬ್ಬರಿಂದ ಬಂದ ದೋಷವೇ ರೋಗಕ್ಕೆ ಸಾಕು; ಪ್ರತಿ ಮಗುವಿಗೂ ಅದು ಇಳಿಯುವ ಸಂಭವ ಎರಡರಲ್ಲಿ ಒಂದು. ವಂಶಾವಳಿಯನ್ನು ತಾಳ್ಮೆಯಿಂದ ಬರೆದುಕೊಂಡದ್ದರಿಂದಲೇ ಈ ಸತ್ಯವು ಗೋಚರವಾಯಿತೆಂಬುದು ಗಮನಾರ್ಹ.

ಇನ್ನೊಂದು ಬಗೆಯ ರೋಗಗಳು ಅಪ್ರಬಲವಾದವು. ಥಲಸ್ಸೀಮಿಯಾ ಮತ್ತು ಕುಡಗೋಲು ಕಣ ರಕ್ತಹೀನತೆ ಈ ವರ್ಗಕ್ಕೆ ಸೇರಿವೆ. ಇಲ್ಲಿ ತಂದೆ ತಾಯಿ ಇಬ್ಬರೂ ಸಾಮಾನ್ಯವಾಗಿ ಆರೋಗ್ಯವಂತರೇ. ಇಬ್ಬರಲ್ಲಿಯೂ ಒಂದೊಂದು ದೋಷವು ಮರೆಯಾಗಿರುತ್ತದೆ. ಆ ಎರಡೂ ಮಗುವಿನಲ್ಲಿ ಕೂಡಿದಾಗ ಮಾತ್ರ ರೋಗವು ಪ್ರಕಟವಾಗುತ್ತದೆ. ಇದರ ಸಂಭವ ನಾಲ್ಕರಲ್ಲಿ ಒಂದು. ಈ ಲೆಕ್ಕವು ಪ್ರತಿ ಗರ್ಭಕ್ಕೂ ಹೊಸದಾಗಿಯೇ ಅನ್ವಯಿಸುತ್ತದೆ. ಮೊದಲ ಮಗುವಿಗೆ ರೋಗ ಬಂದಿತೆಂದ ಮಾತ್ರಕ್ಕೆ ಮುಂದಿನ ಮೂವರು ಕ್ಷೇಮವೆಂದು ತಿಳಿಯಬಾರದು. ಮುಖ್ಯವಾದ ಮಾತೆಂದರೆ, ಈ ರೋಗಗಳಲ್ಲಿ ತಂದೆಯ ಪಾಲೂ ತಾಯಿಯ ಪಾಲೂ ಸಮವಾದುದು. ಸೊಸೆಯೊಬ್ಬಳನ್ನೇ ದೂರುವುದಕ್ಕೆ ಯಾವ ಆಧಾರವೂ ಇಲ್ಲ.

ಸೋದರಿಕೆಯ ಮದುವೆಗಳ ಪ್ರಶ್ನೆ ಇಲ್ಲಿಯೇ ಉದ್ಭವಿಸುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 27 ಮಂದಿ ರಕ್ತಸಂಬಂಧಿಗಳನ್ನು ವರಿಸಿದವರು. ಹೊಲಮನೆ ಹಂಚಿಹೋಗದು, ಹೆಣ್ಣು ಕಣ್ಮುಂದೆಯೇ ಸುಖವಾಗಿರುವಳು ಎಂಬುದು ಹಿರಿಯರ ಅಭಿಪ್ರಾಯ. ಅವರ ಪ್ರೀತಿಯನ್ನು ಶಂಕಿಸಬೇಕಾಗಿಲ್ಲ. ಗಣಿತವನ್ನು ಮಾತ್ರ ಮರೆಯುವಂತಿಲ್ಲ. ಒಂದೇ ಪೂರ್ವಜರಿಂದ ಬಂದ ವಂಶವಾಹಿಯ ಎರಡು ಪ್ರತಿಗಳು ಮಗುವಿನಲ್ಲಿ ಕೂಡುವ ಸಂಭವವು ಅತ್ತೆಯ ಮಗ, ಮಾವನ ಮಗಳ ದಾಂಪತ್ಯದಲ್ಲಿ ಹದಿನಾರರಲ್ಲಿ ಒಂದು; ಸೋದರಮಾವನು ಅಕ್ಕನ ಮಗಳನ್ನು ವರಿಸಿದಲ್ಲಿ ಎಂಟರಲ್ಲಿ ಒಂದು. ಆದುದರಿಂದ ಇಂತಹ ದಂಪತಿಗಳ ಮಕ್ಕಳು ಬಹುಪಾಲು ಆರೋಗ್ಯವಂತರೇ ಆದರೂ, ಅಪ್ರಬಲ ರೋಗಗಳ ಸಂಭವವು ಹೆಚ್ಚುವುದು ನಿಶ್ಚಿತ.

ಭಾರತೀಯರ ಲಿಪಿಯನ್ನು ಓದುವ ಕಾರ್ಯದಲ್ಲಿ ಬೆಂಗಳೂರು ಮುಂದಾಳಾಗಿರುವುದು ಹೆಮ್ಮೆಯ ಸಂಗತಿ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರದ ನೇತೃತ್ವದಲ್ಲಿ ಇಪ್ಪತ್ತು ಸಂಸ್ಥೆಗಳು ಕೂಡಿ, 2020ರಲ್ಲಿ ಆರಂಭವಾದ ಜೀನೋಮ್ ಇಂಡಿಯಾ ಯೋಜನೆಯಲ್ಲಿ ಸುಮಾರು 10,000 ಭಾರತೀಯರ ಜೀನೋಮುಗಳನ್ನು ಓದಿದವು. ಈ ಮಾಹಿತಿಯು 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆಯಲ್ಪಟ್ಟಿತು. ನಮ್ಮ ಜನರ ರೋಗವನ್ನು ಪರದೇಶದವರ ಅಳತೆಗೋಲಿನಿಂದ ಅಳೆಯುವ ಕೊರತೆಯು ಇದರಿಂದ ಕ್ರಮೇಣ ನೀಗಬೇಕು.

ಚಿಕಿತ್ಸೆಯಲ್ಲಿಯೂ ಆಶಾಕಿರಣ ಮೂಡಿದೆ. ವಂಶವಾಹಿಯನ್ನು ತಿದ್ದಿ ಕುಡಗೋಲು ಕಣ ರೋಗವನ್ನು ಉಪಚರಿಸುವ ಕ್ರಮಕ್ಕೆ 2023ರಲ್ಲಿ ಬ್ರಿಟನ್ ಮತ್ತು ಅಮೆರಿಕ ದೇಶಗಳು ಅನುಮತಿಯಿತ್ತವು. ಆದರೆ ಅಮೆರಿಕದಲ್ಲಿ ಅದಕ್ಕೆ ಗೊತ್ತುಪಡಿಸಿದ ಬೆಲೆ ರೋಗಿಯೊಬ್ಬನಿಗೆ 22 ಲಕ್ಷ ಡಾಲರ್! ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ವೈದ್ಯರು ಹಿಮೋಫಿಲಿಯಾ ಪೀಡಿತರಾದ ಐವರಿಗೆ ವಂಶವಾಹಿ ಚಿಕಿತ್ಸೆಯನ್ನಿತ್ತು, ರಕ್ತಸ್ರಾವವು ನಿಂತ ಸಂಗತಿಯನ್ನು 2024ರಲ್ಲಿ ಪ್ರಕಟಿಸಿದರು. ಇವೆಲ್ಲವೂ ಬಡವನ ಮನೆಯ ಬಾಗಿಲಿಗೆ ಬರುವುದು ಇನ್ನೂ ದೂರದ ಮಾತು.

ಆದುದರಿಂದ ಸದ್ಯಕ್ಕೆ ನಮ್ಮ ಕೈಯಲ್ಲಿರುವ ಮೊದಲ ಮದ್ದು ತಿಳಿವಳಿಕೆಯೇ. ಲಗ್ನ ನಿಶ್ಚಯಿಸುವಾಗ ಜಾತಕದೊಡನೆ ಎರಡೂ ಮನೆತನಗಳ ಮೂರು ತಲೆಮಾರಿನ ರೋಗಗಳ ವಿವರವನ್ನೂ ಕೇಳಬೇಕು, ಮುಚ್ಚಿಡದೆ ಹೇಳಬೇಕು. ಥಲಸ್ಸೀಮಿಯಾದ ವಾಹಕರನ್ನು ಸರಳ ರಕ್ತಪರೀಕ್ಷೆಯಿಂದ ಗುರುತಿಸಬಹುದು. ಮನೆತನದಲ್ಲಿ ರೋಗವಿದ್ದರೆ ಮೊದಲು ನಮ್ಮ ಕಂಟೋನ್ಮೆಂಟಿನ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮಕ್ಕಳ ತಜ್ಞರನ್ನು ಕಾಣಬಹುದು. ಹೆಚ್ಚಿನ ಸಲಹೆಗೆ ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರವಿದೆ. ಅಪರೂಪದ ರೋಗಗಳ ಚಿಕಿತ್ಸೆಗೆ ನೆರವೀಯುವ ರಾಷ್ಟ್ರೀಯ ನೀತಿಯು 2021ರಿಂದ ಜಾರಿಯಲ್ಲಿರುವುದನ್ನೂ ನೆನಪಿಡಬೇಕು.

ಈ ಕಾರ್ಯದಲ್ಲಿ ಶಿಕ್ಷಕರ ಹೊಣೆ ದೊಡ್ಡದು. ಹತ್ತನೆಯ ತರಗತಿಯಲ್ಲಿ ಮೆಂಡೆಲನ ಬಟಾಣಿಯ ಪಾಠವನ್ನು ಪರೀಕ್ಷೆಗೆಂದು ಕಲಿಸಿ ಮುಗಿಸದೆ, ಅದರ ಅನ್ವಯವನ್ನು ಮನೆಯ ಬದುಕಿಗೆ ಹೊಂದಿಸಿ ತೋರಿಸಬೇಕು. ಹುಟ್ಟಿನ ಕಾರಣದಿಂದ ಮನುಷ್ಯನನ್ನು ಕೀಳೆಂದು ಕಾಣಬಾರದೆಂದು ಸಾರಿದ ಶರಣರ ನಾಡಿನಲ್ಲಿ, ಹುಟ್ಟಿನಿಂದ ಬಂದ ರೋಗಕ್ಕಾಗಿ ತಾಯಿಯನ್ನೂ ಮಗುವನ್ನೂ ಹಳಿಯುವುದು ಸಲ್ಲದು. ಪ್ರಸಾದ ನಿಲಯಗಳಿಗೆ ಉದಾರವಾಗಿ ದಾನವಿತ್ತ ಮಹನೀಯರು ಅರಿವಿನ ಈ ದಾಸೋಹಕ್ಕೂ ಕೈನೀಡಿ, ಹಳ್ಳಿಗಳ ಪ್ರೌಢಶಾಲೆಗಳಲ್ಲಿ ರಕ್ತಪರೀಕ್ಷೆ ಮತ್ತು ವೈದ್ಯರ ಉಪನ್ಯಾಸಗಳಿಗೆ ಏರ್ಪಾಡು ಮಾಡಿದರೆ, ಅದರ ಫಲವನ್ನು ಇನ್ನೂ ಹುಟ್ಟಬೇಕಾದ ಮಕ್ಕಳು ಉಣ್ಣುವರು.