ಸಕ್ಕರೆ ಇಳಿದರೂ ರಕ್ತನಾಳ ಮರೆಯದು

"ನೋವಿಲ್ಲ, ಜ್ವರವಿಲ್ಲ; ಸುಗ್ಗಿ ಮುಗಿಯಲಿ, ಆಮೇಲೆ ನೋಡಿದರಾಯಿತು." ಸಕ್ಕರೆ ಕಾಯಿಲೆಯವರು ಹೀಗೆನ್ನುವುದನ್ನು ನಾವೆಲ್ಲರೂ ಕೇಳಿದ್ದೇವೆ. ಈ ತಡದಿಂದ ಆಗುವ ಹಾನಿ ಏನೆಂಬುದನ್ನು ಈ ಪಾಠದಲ್ಲಿ ತಿಳಿಯೋಣ.

ನಮ್ಮ ರಕ್ತನಾಳಗಳ ಒಳಮೈಗೆ ಒಂದೇ ಪದರದ ಜೀವಕೋಶಗಳ ಹೊದಿಕೆಯಿದೆ. ರಕ್ತವು ಸರಾಗವಾಗಿ ಹರಿಯುವಂತೆ, ನಾಳವು ಬೇಕಾದಾಗ ಹಿಗ್ಗುವಂತೆ ನೋಡಿಕೊಳ್ಳುವುದು ಇದರ ಕೆಲಸ. ಪ್ರತಿ ಕೋಶದಲ್ಲಿಯೂ ಸಾವಿರಾರು ಜೀನುಗಳಿವೆ. ಜೀನೆಂದರೆ ಕೋಶವು ಮಾಡತಕ್ಕ ಕೆಲಸದ ಬರಹವಿದ್ದಂತೆ. ಇವುಗಳಲ್ಲಿ ಕೆಲವು ಎಚ್ಚರವಾಗಿರುತ್ತವೆ, ಕೆಲವು ಮಲಗಿರುತ್ತವೆ.

ರಕ್ತದಲ್ಲಿ ಸಕ್ಕರೆ ಹೆಚ್ಚಿದಾಗ ಉರಿಯೂತಕ್ಕೆ ಕಾರಣವಾದ ಜೀನುಗಳು ಎಚ್ಚರಗೊಳ್ಳುತ್ತವೆ. ಆಗ ಒಳಮೈಗೆ ಬಿಳಿ ರಕ್ತಕಣಗಳು ಅಂಟಿಕೊಳ್ಳುತ್ತವೆ. ಕೊಬ್ಬು ಸೇರಿ ನಾಳವು ಕ್ರಮೇಣ ಕಿರಿದಾಗುತ್ತದೆ. ಹೃದಯ, ಮೂತ್ರಪಿಂಡ, ಕಣ್ಣು, ಕಾಲುಗಳಿಗೆ ಕೇಡು ಬರುವುದರಲ್ಲಿ ರಕ್ತನಾಳಗಳು ಕೆಡುವುದರ ಪಾಲು ದೊಡ್ಡದು.

ಸಕ್ಕರೆ ಇಳಿದೊಡನೆ ಈ ಜೀನುಗಳು ಮಲಗುವುವೆ? ಇದನ್ನು ತಿಳಿಯಲು ವಿಜ್ಞಾನಿಗಳು ಒಳಮೈಯ ಕೋಶಗಳನ್ನು 16 ಗಂಟೆಗಳ ಕಾಲ ಹೆಚ್ಚು ಸಕ್ಕರೆಯಲ್ಲಿಟ್ಟು, ಬಳಿಕ ಸಾಮಾನ್ಯ ಪ್ರಮಾಣಕ್ಕೆ ತಂದರು. 6 ದಿನಗಳಾದರೂ ಉರಿಯೂತದ ಒಂದು ಮುಖ್ಯ ಜೀನು ಹೆಚ್ಚಾಗಿಯೇ ಕೆಲಸ ಮಾಡುತ್ತಿದ್ದುದು ಕಂಡುಬಂದಿತು. ಇದು 2008ರಲ್ಲಿ ಪ್ರಕಟವಾಯಿತು. ಜೀನಿನ ಬರಹ ಬದಲಾಗಿರಲಿಲ್ಲ. ಅದು ಸುತ್ತಿಕೊಂಡಿರುವ ಪ್ರೋಟೀನಿನ ಮೇಲೆ ರಾಸಾಯನಿಕ ಗುರುತು ಉಳಿದಿತ್ತು. ನೀರು ಹೆಚ್ಚಾಗಿ ಚೌಳಾದ ಗದ್ದೆ, ನೀರು ನಿಲ್ಲಿಸಿದ ಮಾತ್ರಕ್ಕೆ ಸರಿಹೋಗುವುದೆ? ಇದೂ ಹಾಗೆಯೇ.

ಮನುಷ್ಯರಲ್ಲಿಯೂ ಇಂಥ ನೆನಪು ಕಂಡಿದೆ. ಅಮೆರಿಕ ಮತ್ತು ಕೆನಡಾಗಳಲ್ಲಿ 1983ರಿಂದ 1993ರವರೆಗೆ, ಇನ್ಸುಲಿನ್ ಅವಲಂಬಿಸಿದ 1,441 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಬಿಗಿಯಾದ, ಇನ್ನೊಂದಕ್ಕೆ ಸಾಧಾರಣ ಚಿಕಿತ್ಸೆ ಕೊಟ್ಟರು. ಆಮೇಲೆ ಎಲ್ಲರಿಗೂ ಬಿಗಿ ಚಿಕಿತ್ಸೆಯನ್ನೇ ಹೇಳಿದರು; ಎರಡೂ ಗುಂಪುಗಳ ಸಕ್ಕರೆ ಹೆಚ್ಚುಕಡಿಮೆ ಸಮನಾಯಿತು. ಆದರೂ ಮೊದಲಿನಿಂದ ಬಿಗಿಯಾಗಿದ್ದವರಲ್ಲಿ ಹೃದಯ ಮತ್ತು ರಕ್ತನಾಳಗಳ ತೊಂದರೆ ಶೇಕಡಾ 42ರಷ್ಟು ಕಡಿಮೆಯೆಂದು 2005ರಲ್ಲಿ ತಿಳಿದುಬಂದಿತು.

ಆದುದರಿಂದ ಕಾಯಿಲೆ ತಿಳಿದ ದಿನವೇ ಚಿಕಿತ್ಸೆ ಆರಂಭಿಸತಕ್ಕದ್ದು. ತಡವಾದವರೂ ಧೈರ್ಯಗೆಡಬಾರದು, ಇಂದು ಸಕ್ಕರೆಯನ್ನು ಹತೋಟಿಗೆ ತಂದರೆ ಮುಂದಿನ ಹಾನಿಯಾದರೂ ತಗ್ಗುತ್ತದೆ. 30 ವರ್ಷ ದಾಟಿದವರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿರಿ. ಬೀಡಿ, ಸಿಗರೇಟು ಬಿಡಿರಿ. ವೈದ್ಯರನ್ನು ಕೇಳದೆ ಮದ್ದು ನಿಲ್ಲಿಸಬೇಡಿರಿ.

ಯುವಕ ಮಂಡಲಿ, ಮಹಿಳಾ ಸಮಾಜಗಳಲ್ಲಿ ಚರ್ಚಿಸಿರಿ:
1. ನೋವಿಲ್ಲದಿದ್ದರೂ ಚಿಕಿತ್ಸೆ ಏಕೆ ಬೇಕು?
2. ನಮ್ಮ ಊರಿನಲ್ಲಿ ಪರೀಕ್ಷೆ ಮಾಡಿಸದವರು ಎಷ್ಟು ಮಂದಿ?