ಬಬೂನ್ ಹಿಂಡಿನಲ್ಲಿ ಗಂಡಿನ ಸ್ಥಾನ

ಹಿಂಡುಗೂಡಿ ಬಾಳುವ ಪ್ರಾಣಿಗಳಲ್ಲಿ ಬಲಿಷ್ಠವಾದ ಗಂಡೇ ಸರ್ವಾಧಿಕಾರಿ ಎಂಬ ಭಾವನೆ ಲೋಕದಲ್ಲಿ ರೂಢವಾಗಿದೆ. ಈ ಮಾತು ಎಷ್ಟರಮಟ್ಟಿಗೆ ಸತ್ಯವೆಂಬುದನ್ನು ಪೂರ್ವ ಆಫ್ರಿಕದ ಬಬೂನ್ ಎಂಬ ದೊಡ್ಡ ಕೋತಿಗಳ ಜೀವನದಿಂದ ಅರಿಯಬಹುದು. ಕೀನ್ಯಾ ದೇಶದ ಅಂಬೊಸೇಲಿ ಬಯಲಿನಲ್ಲಿ ಆಲ್ಟ್‌ಮನ್ ದಂಪತಿಗಳು ೧೯೭೧ರಲ್ಲಿ ಆರಂಭಿಸಿದ ಅಧ್ಯಯನವು ದಶಕಗಳ ಕಾಲ ಮುಂದುವರಿದು ಈ ವಿಷಯದಲ್ಲಿ ಅಮೂಲ್ಯವಾದ ತಿಳಿವನ್ನು ಒದಗಿಸಿದೆ.

ಹಿಂಡಿನ ಸ್ಥಿರವಾದ ಅಸ್ತಿಭಾರವೆಂದರೆ ಹೆಣ್ಣುಗಳು. ಅವು ಹುಟ್ಟಿದ ಹಿಂಡಿನಲ್ಲಿಯೇ ಉಳಿಯುತ್ತವೆ. ತಾಯಿಯ ಸ್ಥಾನಮಾನವನ್ನನುಸರಿಸಿ ಮಗಳ ಸ್ಥಾನ ನಿರ್ಧಾರವಾಗುತ್ತದೆ. ಗಂಡಾದರೋ ಪ್ರಾಯಕ್ಕೆ ಬಂದ ಬಳಿಕ ಸಾಮಾನ್ಯವಾಗಿ ಹುಟ್ಟಿದ ಹಿಂಡನ್ನು ತೊರೆದು ಬೇರೊಂದನ್ನು ಸೇರುತ್ತದೆ. ಹೆಣ್ಣಿನ ಸುಮಾರು ಇಮ್ಮಡಿ ತೂಕ, ಹರಿತವಾದ ಕೋರೆಹಲ್ಲುಗಳಿದ್ದರೂ ಅಲ್ಲಿ ಅದು ಬಂಧುಬಳಗವಿಲ್ಲದ ಪರದೇಶಿ. ಕಾದಾಡಿ ಗಳಿಸಿದ ಅಗ್ರಸ್ಥಾನವೂ ಶಾಶ್ವತವಲ್ಲ. ಪ್ರಾಯ ಇಳಿದಂತೆ ಅದು ಕೈಬಿಡುತ್ತದೆ. ಅಗ್ರಸ್ಥಾನದ ಗಂಡಿನಲ್ಲಿ ಒತ್ತಡವನ್ನು ಸೂಚಿಸುವ ಹಾರ್ಮೋನಿನ ಪ್ರಮಾಣ ಎರಡನೆಯ ಸ್ಥಾನದ ಗಂಡಿಗಿಂತ ಅಧಿಕವೆಂದು ೨೦೧೧ರಲ್ಲಿ ಪ್ರಕಟವಾದ ಅಂಬೊಸೇಲಿಯ ಸಂಶೋಧನೆ ತಿಳಿಸುತ್ತದೆ. ಪಟ್ಟವೇರಿದವನಿಗೆ ನಿಶ್ಚಿಂತೆ ಎಲ್ಲಿಯದು?

ಕಾದಾಟವೊಂದೇ ಗಂಡಿನ ಕಾರ್ಯವೂ ಅಲ್ಲ. ಮರಿಯುಳ್ಳ ತಾಯಿಯೊಡನೆ ಸ್ನೇಹ ಬೆಳೆಸಿ, ಅದರ ಸಮೀಪದಲ್ಲಿದ್ದು, ಮೈಯ ಕೂದಲನ್ನು ಹೆಕ್ಕಿಸಿಕೊಳ್ಳುತ್ತ, ತಾಯಿಮರಿಗಳಿಗೆ ಆಸರೆಯಾಗುವ ಗಂಡುಗಳುಂಟು. ಮರಿಗಳು ಜಗಳದಲ್ಲಿ ಸಿಲುಕಿದಾಗ ಗಂಡುಗಳು ಪರರ ಮರಿಗಳಿಗಿಂತ ತಮ್ಮ ಸ್ವಂತ ಮರಿಗಳ ಪಕ್ಷವನ್ನೇ ಹೆಚ್ಚಾಗಿ ವಹಿಸುತ್ತವೆಂಬುದು ೨೦೦೩ರಲ್ಲಿ ಪ್ರಕಟವಾಯಿತು.

ಇವೆಲ್ಲಕ್ಕಿಂತ ಚಿಂತನಾರ್ಹವಾದುದು ಮಸಾಯಿ ಮಾರಾ ಪ್ರದೇಶದ ಒಂದು ಹಿಂಡಿನ ವೃತ್ತಾಂತ. ರಾಬರ್ಟ್ ಸಪೋಲ್ಸ್ಕಿ ಎಂಬ ವಿಜ್ಞಾನಿ ೧೯೭೮ರಿಂದ ಈ ಹಿಂಡನ್ನು ಪರಿಶೀಲಿಸಿದರು. ಸಮೀಪದ ಪ್ರವಾಸಿ ವಸತಿಗೃಹದ ಕಸದ ಗುಂಡಿಯು ಬೇರೊಂದು ಹಿಂಡಿನ ವಶದಲ್ಲಿತ್ತು. ಅಲ್ಲಿಯ ಆಹಾರಕ್ಕಾಗಿ ಈ ಹಿಂಡಿನ ಅತ್ಯಂತ ಕಲಹಪ್ರಿಯ ಗಂಡುಗಳು ಹೋಗಿ ಸೆಣಸುತ್ತಿದ್ದವು. ಗುಂಡಿಗೆ ಬಿದ್ದಿದ್ದ ರೋಗಗ್ರಸ್ತ ಮಾಂಸದಿಂದ ಕ್ಷಯ ಅಂಟಿ, ೧೯೮೩ರಿಂದ ೧೯೮೬ರೊಳಗೆ ಆ ಗಂಡುಗಳೆಲ್ಲವೂ ಅಳಿದವು. ಸೌಮ್ಯ ಸ್ವಭಾವದವು ಉಳಿದವು. ಹಿಂಡಿನಲ್ಲಿ ದುರ್ಬಲರ ಪೀಡನೆ ತಗ್ಗಿತು; ಪರಸ್ಪರ ಸ್ನೇಹ ಹೆಚ್ಚಿತು.

ಸೋಜಿಗವೆಂದರೆ, ೧೯೯೩ರ ವೇಳೆಗೆ ಅಂದಿನ ಗಂಡುಗಳಲ್ಲಿ ಒಂದೂ ಅಲ್ಲಿರಲಿಲ್ಲ. ಎಲ್ಲವೂ ಹೊರಗಿನಿಂದ ಬಂದವು. ಆದರೂ ಆ ಸೌಮ್ಯ ನಡತೆ ಅಳಿಯಲಿಲ್ಲವೆಂದು ೨೦೦೪ರಲ್ಲಿ ಸಪೋಲ್ಸ್ಕಿ ಮತ್ತು ಲೀಸಾ ಶೇರ್ ವರದಿಮಾಡಿದರು. ಅಲ್ಲಿಯ ಹೆಣ್ಣುಗಳು ಹೊಸದಾಗಿ ಬಂದ ಗಂಡುಗಳೊಡನೆ ಇತರ ಹಿಂಡುಗಳಲ್ಲಿಗಿಂತ ಬೇಗನೆ ಸ್ನೇಹದಿಂದ ವರ್ತಿಸುತ್ತಿದ್ದುದು ಇದಕ್ಕೆ ಕಾರಣವಾಗಿರಬಹುದು.

ಪ್ರಾಣಿಗಳ ನಡತೆಯನ್ನು ಮಾನವ ಸಮಾಜಕ್ಕೆ ಹಾಗೆಯೇ ಅನ್ವಯಿಸುವುದು ಯುಕ್ತವಲ್ಲ. ಆದರೆ ಕಾಡಿನ ಕೋತಿಯ ಕಲಹವೂ ಹುಟ್ಟಿನೊಡನೆ ಬಂದ ಮಾರ್ಪಡದ ಹಣೆಬರಹವಲ್ಲವೆಂದ ಮೇಲೆ, ಎಳೆಯರ ಸ್ವಭಾವವನ್ನು ತಿದ್ದಲಾಗದೆಂದು ಕೈಚೆಲ್ಲುವ ಹಿರಿಯರು ಮತ್ತೊಮ್ಮೆ ಆಲೋಚಿಸಬೇಕು. ಒಳಬಂದವರನ್ನು ಆದರಿಸುವ ರೀತಿಯೇ ಅವರಿಗೆ ಮೊದಲ ಪಾಠ.